ಹರಳಿನ ಬಣ್ಣ ಬದಲಾಗುವುದೇಕೆ?

ಮಾನ್ಯ ಕೇಳುಗರೇ, ನಮಸ್ಕಾರ.

ಸ್ಯಾಲಿಸಿಲಾಲ್ಡಿಹೈಡ್ ಮತ್ತು ಅನಿಲೀನ್ ಎಂಬ ಎರಡು ದ್ರವಗಳನ್ನು ಎಥನಾಲ್‌ನಲ್ಲಿ ಬೆರೆಸಿ ಕಾಯಿಸಿದರೆ, ನೀರಿನ ಅಣುವೊಂದು ಕಳಚಿಕೊಂಡು, ಉಳಿದ ಭಾಗಗಳು ಇಂಗಾಲ ಮತ್ತು ಸಾರಜನಕಗಳ ನಡುವಿನ ದ್ವಿಬಂಧದಿಂದ ಕೂಡಿಕೊಳ್ಳುತ್ತವೆ. ಇಂಥ ಸಂಯುಕ್ತಗಳನ್ನು 1864ರಲ್ಲಿ ವಿವರಿಸಿದ ಹ್ಯೂಗೋ ಶಿಫ್ ಅವರ ಹೆಸರಿನಿಂದಲೇ ಇವುಗಳಿಗೆ ಶಿಫ್ ಬೇಸ್ ಎಂಬ ಹೆಸರು ಬಂದಿದೆ.

ಈ ಕುಟುಂಬದ ಕೆಲವು ಹಳದಿ ಹರಳುಗಳು ನೇರಳಾತೀತ ಬೆಳಕು ಬಿದ್ದೊಡನೆ ಕೆಂಪಾಗಿ, ಕತ್ತಲಲ್ಲಿಟ್ಟರೆ ನಿಧಾನವಾಗಿ ಮೊದಲಿನ ಬಣ್ಣಕ್ಕೆ ಮರಳುತ್ತವೆ. ಮತ್ತೆ ಕೆಲವು ಬೆಳಕಿಗೆ ಜಗ್ಗದೆ, ಬಿಸಿಗೆ ಮಾತ್ರ ಬಣ್ಣ ಗಾಢವಾಗಿಸಿಕೊಳ್ಳುತ್ತವೆ. ಇಸ್ರೇಲಿನ ವೈಜ್‌ಮನ್ ಸಂಸ್ಥೆಯ ಕೊಹೆನ್ ಮತ್ತು ಶ್ಮಿಟ್ 1960ರ ದಶಕದಲ್ಲಿ ಇದರ ಕಾರಣವನ್ನು ಅಣುಗಳು ಹರಳಿನೊಳಗೆ ಜೋಡಣೆಗೊಂಡ ರೀತಿಯಲ್ಲಿ ಹುಡುಕಿದರು. ಅಣುವಿನ ಎರಡು ಬೆಂಜೀನ್ ಉಂಗುರಗಳು (ಆರು ಇಂಗಾಲಗಳ ಚಪ್ಪಟೆ ಬಳೆಗಳು) ಒಂದಕ್ಕೊಂದು ಸಾಕಷ್ಟು ತಿರುಚಿಕೊಂಡಿದ್ದರೆ ಅಣುಗಳ ನಡುವೆ ತೆರಪು ಉಳಿಯುತ್ತದೆ, ಬೆಳಕು ತಗುಲಿದಾಗ ಅಣು ತನ್ನ ಆಕಾರವನ್ನು ಬದಲಿಸಿಕೊಳ್ಳಬಲ್ಲದು. ಉಂಗುರಗಳು ಒಂದೇ ಸಮತಲದಲ್ಲಿದ್ದು ಅಣುಗಳು ಒಂದರ ಮೇಲೊಂದು ಒತ್ತಾಗಿ ಪೇರಿಕೊಂಡಿದ್ದರೆ ಅದಕ್ಕೆ ಎಡೆಯೇ ಇರುವುದಿಲ್ಲ. ಈ ವಿಂಗಡಣೆ ಅಷ್ಟು ಕಟ್ಟುನಿಟ್ಟಾದುದಲ್ಲವೆಂದು ಮುಂದಿನ ಅಧ್ಯಯನಗಳು ತೋರಿಸಿವೆಯಾದರೂ, ಅದರ ತಿರುಳು ಇಂದಿಗೂ ನಿಲ್ಲುತ್ತದೆ.

ಎರಡೂ ಬಗೆಯಲ್ಲಿ ಸ್ಥಳ ಬದಲಿಸುವುದು ಒಂದು ಪ್ರೋಟಾನ್, ಅಂದರೆ ಹೈಡ್ರೋಜನ್ ಪರಮಾಣುವಿನ ಬೀಜ. ಆಮ್ಲಜನಕಕ್ಕೆ ಅಂಟಿಕೊಂಡಿರುವ ಹೈಡ್ರೋಜನ್, ಆ ಆಮ್ಲಜನಕದಿಂದ ಸುಮಾರು 2.6 ಆಂಗ್‌ಸ್ಟ್ರಾಂ (ಒಂದು ಆಂಗ್‌ಸ್ಟ್ರಾಂ ಎಂದರೆ ಮೀಟರಿನ ಸಾವಿರ ಕೋಟಿಯಲ್ಲಿ ಒಂದು ಪಾಲು) ದೂರದ ಸಾರಜನಕದೊಂದಿಗೆ ಹೈಡ್ರೋಜನ್ ಬಂಧವೆಂಬ ದುರ್ಬಲ ಸೆಳೆತವನ್ನು ಬೆಸೆದಿರುತ್ತದೆ. ಅದು ಸಾರಜನಕದ ಕಡೆಗೆ ದಾಟಿದಾಗ ಬಣ್ಣ ಕೆಂಪಿನತ್ತ ವಾಲುತ್ತದೆ. ಹರಳಿನಲ್ಲಿ ಪರಮಾಣುಗಳು ಎಲ್ಲಿವೆಯೆಂದು ತಿಳಿಯಲು ಅದರ ಮೂಲಕ ಎಕ್ಸ್-ಕಿರಣ ಹಾಯಿಸುತ್ತಾರೆ. ಒಂದೇ ಎಲೆಕ್ಟ್ರಾನ್ ಇರುವ ಹೈಡ್ರೋಜನ್ ಎಕ್ಸ್-ಕಿರಣಗಳಿಗೆ ಬಹಳ ಮಸುಕಾಗಿ ಕಾಣುವುದರಿಂದ, ನೆರೆಯ ಬಂಧಗಳ ಉದ್ದವನ್ನು ನೋಡುವುದೇ ಹೆಚ್ಚು ಭರವಸೆಯ ದಾರಿ ಎಂದು ನನಗನ್ನಿಸುತ್ತದೆ. ಪ್ರೋಟಾನ್ ಆಮ್ಲಜನಕದ ಬಳಿ ಇದ್ದರೆ ಇಂಗಾಲ–ಆಮ್ಲಜನಕ ಬಂಧ ಸುಮಾರು 1.35 ಆಂಗ್‌ಸ್ಟ್ರಾಂ, ಇಂಗಾಲ–ಸಾರಜನಕ ದ್ವಿಬಂಧ ಸುಮಾರು 1.28 ಆಂಗ್‌ಸ್ಟ್ರಾಂ ಇರುತ್ತವೆ. ಅದು ದಾಟಿದರೆ ಮೊದಲನೆಯದು ಕುಗ್ಗುತ್ತದೆ, ಎರಡನೆಯದು ಹಿಗ್ಗುತ್ತದೆ. ಹರಳಿನ ರಚನೆಯನ್ನು ಪ್ರಕಟಿಸುವವರು ಈ ಎರಡು ಅಳತೆಗಳನ್ನು ಬರಿಯ ಕೋಷ್ಟಕಕ್ಕೆ ಸೇರಿಸಿ ಸುಮ್ಮನಾಗದೆ, ಅವು ಏನು ಹೇಳುತ್ತಿವೆಯೆಂದು ಬರೆಯಬೇಕು.

ಜಪಾನಿನ ಸಂಶೋಧಕರು 1998ರಲ್ಲಿ ಇಂಥದೇ ಒಂದು ಕ್ಲೋರಿನ್‌ಯುಕ್ತ ಶಿಫ್ ಬೇಸ್‌ನ ಹರಳನ್ನು ಬೇರೆ ಬೇರೆ ಉಷ್ಣಾಂಶಗಳಲ್ಲಿ ಅಳೆದರು. ಬಿಸಿಯಾದಾಗ ಪ್ರೋಟಾನ್ ಸಾರಜನಕದ ಕಡೆಗೆ ದಾಟುತ್ತದೆಂಬುದು ಸಾಮಾನ್ಯ ನಿರೀಕ್ಷೆ. ಆದರೆ ಈ ಹರಳು ತಣ್ಣಗಾದಷ್ಟೂ ಸಾರಜನಕದ ಬಳಿ ಪ್ರೋಟಾನ್ ಇರುವ ಅಣುಗಳೇ ಹೆಚ್ಚಿದವು.