ಹಡಗಿಗೆ ನಮ್ಮ ಧ್ವಜ, ಹೊಣೆ ಯಾರದ್ದು?

ನಮಸ್ಕಾರ. 2025ರ ಜೂನ್ 9ರ ರಾತ್ರಿ ನೌಕಾಪಡೆಯ ಐಎನ್‌ಎಸ್ ಸೂರತ್ ಹದಿನೆಂಟು ಮಂದಿ ನಾವಿಕರನ್ನು ಪಣಂಬೂರಿನ ನವ ಮಂಗಳೂರು ಬಂದರಿಗೆ ಕರೆತಂದಿತು. ಅವರ ಹಡಗು ವಾನ್ ಹೈ 503 ಕೇರಳದ ಆಚೆ ಸಮುದ್ರದಲ್ಲಿ ಹೊತ್ತಿ ಉರಿಯುತ್ತಿತ್ತು. ಇನ್ನೂ ನಾಲ್ವರು ನಾಪತ್ತೆಯಾಗಿದ್ದರು. ಅದಕ್ಕೆ ಎರಡು ವಾರ ಮೊದಲಷ್ಟೇ ಎಂಎಸ್‌ಸಿ ಎಲ್ಸಾ 3 ಎಂಬ ಇನ್ನೊಂದು ಹಡಗು ಕೊಚ್ಚಿಯ ಹತ್ತಿರ ಮುಳುಗಿ, ಅದರ ಪ್ಲಾಸ್ಟಿಕ್ ಕಾಳುಗಳು ಕೇರಳದ ದಡದ ಮರಳಲ್ಲೆಲ್ಲ ಹರಡಿದ್ದವು. ಎಲ್ಸಾ 3ರದು ಲೈಬೀರಿಯಾದ ಧ್ವಜ, ಅಂದರೆ ಅದು ನೋಂದಣಿಯಾದದ್ದು ಆ ದೇಶದಲ್ಲಿ. ಲೈಬೀರಿಯಾದ ಹಡಗು ನೋಂದಣಿಯ ಆಡಳಿತ ನಡೆಯುವುದು ಅಮೆರಿಕದ ವರ್ಜೀನಿಯಾದಿಂದ! ಬಲೆ ಹಾಳಾದ ಮೀನುಗಾರ ಯಾರ ಬಾಗಿಲು ತಟ್ಟಬೇಕು?

ಇದಾಗಿ ಎರಡೇ ತಿಂಗಳಿಗೆ ಸಂಸತ್ತು ಹೊಸ ವಾಣಿಜ್ಯ ನೌಕಾ ಕಾಯ್ದೆಗೆ ಒಪ್ಪಿಗೆ ಕೊಟ್ಟಿತು. ಲೋಕಸಭೆಯಲ್ಲಿ ಆಗಸ್ಟ್ 6ಕ್ಕೆ, ರಾಜ್ಯಸಭೆಯಲ್ಲಿ 11ಕ್ಕೆ. 1958ರ ಕಾಯ್ದೆಯ 561 ಸೆಕ್ಷನ್‌ಗಳ ಜಾಗಕ್ಕೆ 325 ಬಂದವು. ಲೋಕಸಭೆಯಲ್ಲಿ ಬಿಹಾರದ ಮತದಾರರ ಪಟ್ಟಿಯ ಗದ್ದಲ ನಡೆದಿತ್ತು. ಅದರ ನಡುವೆಯೇ ಧ್ವನಿಮತದಲ್ಲಿ ಮಸೂದೆ ಪಾಸಾಯಿತು. ನನಗೆ ಇದು ನಿಜವಾಗಿಯೂ ನೋವಿನ ಸಂಗತಿ.

ಏಕೆಂದರೆ ಈ ಕಾಯ್ದೆಯ ಜೀವಾಳ ನೋಂದಣಿ. ಮೊದಲು ಭಾರತದ ಧ್ವಜ ಹಾರಿಸಬೇಕಾದರೆ ಹಡಗಿನ ಒಡೆತನ ಪೂರ್ತಿಯಾಗಿ ಭಾರತೀಯರದ್ದೋ ಇಲ್ಲಿನ ಕಂಪನಿಗಳದ್ದೋ ಆಗಿರಬೇಕಿತ್ತು. ಈಗ ಒಂದು ಪಾಲು ಇದ್ದರೂ ಆದೀತು. ಸಾಗರೋತ್ತರ ಭಾರತೀಯ ನಾಗರಿಕರಿಗೂ ಅವಕಾಶವಿದೆ. ಬಾಡಿಗೆಗೆ ಪಡೆದು ಕೊನೆಗೆ ಕೊಂಡುಕೊಳ್ಳುವ ಒಪ್ಪಂದದ ವಿದೇಶಿ ಹಡಗನ್ನೂ ಇಲ್ಲಿ ನೋಂದಾಯಿಸಬಹುದು. ಗುಜರಾತಿನ ಅಲಂಗ್‌ನಲ್ಲಿ ಒಡೆಯಲು ಬರುವ ಹಳೆಯ ಹಡಗುಗಳಿಗೆ ತಾತ್ಕಾಲಿಕ ನೋಂದಣಿಯೂ ಉಂಟು.

ಇವು ಬೇಕಿದ್ದ ಬದಲಾವಣೆಗಳೇ, ನಾನು ವಿರೋಧಿಸುವುದಿಲ್ಲ. ಜಗತ್ತಿನ ನಾವಿಕರಲ್ಲಿ ಹತ್ತರಲ್ಲೊಬ್ಬರಿಗಿಂತ ಹೆಚ್ಚು ಭಾರತೀಯರು; ಜಗತ್ತಿನ ಹಡಗು ಸಾಮರ್ಥ್ಯದಲ್ಲಿ ನಮ್ಮ ಧ್ವಜದ ಪಾಲು ಮಾತ್ರ ಶೇ 1ರ ಆಸುಪಾಸು. ಮಂಗಳೂರು, ಉಡುಪಿ, ಕಾರವಾರದ ಹುಡುಗರು ಸಿಡಿಸಿ (ನಾವಿಕರ ಗುರುತು ಹಾಗೂ ಸೇವಾ ದಾಖಲೆ ಪುಸ್ತಕ) ಮಾಡಿಸಿಕೊಂಡು ಪನಾಮಾ, ಮಾರ್ಷಲ್ ದ್ವೀಪಗಳ ಧ್ವಜದ ಕೆಳಗೆ ದುಡಿಯುತ್ತಾರೆ. ಸಂಬಳ ಕೊಡದೆ, ಡೀಸೆಲ್ ಹಾಕಿಸದೆ, ಮಾಲೀಕ ಎಲ್ಲೋ ಬಂದರಿನಲ್ಲಿ ಕೈಬಿಟ್ಟು ಹೋದ ನಾವಿಕರಲ್ಲಿ 2024ರಲ್ಲಿ ಅತಿ ಹೆಚ್ಚು ಮಂದಿ ನಮ್ಮವರೇ. ಹಡಗು ನಮ್ಮ ಧ್ವಜದಡಿ ಬಂದರೆ ಕೊನೇಪಕ್ಷ ನಮ್ಮ ಕಾನೂನು, ನಮ್ಮ ನ್ಯಾಯಾಲಯ ಕೈಗೆ ಸಿಗುತ್ತದೆ.

ನನ್ನ ತಕರಾರು ಇರುವುದು ಆ 'ಪಾಲು' ಎಷ್ಟು ಎಂಬಲ್ಲಿ. ಅದನ್ನು ನಿಗದಿ ಮಾಡುವ ಅಧಿಕಾರ ಕೇಂದ್ರ ಸರ್ಕಾರಕ್ಕಿದೆ. ಸದನದಲ್ಲಿ ಗಂಟೆಗಟ್ಟಲೆ ಚರ್ಚೆಯಾಗಬೇಕಿದ್ದ ವಿಷಯ ಅಧಿಕಾರಿಗಳ ಮೇಜಿಗೆ ಹೋಯಿತು. ಪಾಲು ತೀರಾ ಕಡಿಮೆ ಇಟ್ಟರೆ ನಾವೂ ಇನ್ನೊಂದು ಲೈಬೀರಿಯಾ ಆಗುತ್ತೇವೆ. ಹಾಗಾಗಿ ಒಡೆತನದಲ್ಲಿ ಅರ್ಧಕ್ಕಿಂತ ಹೆಚ್ಚು ಭಾರತೀಯರದ್ದಿರಲಿ. ಕಂಪನಿಯೊಳಗೆ ಕಂಪನಿ ಇಟ್ಟುಕೊಂಡವರು ನಿಜವಾದ ಮಾಲೀಕನ ಹೆಸರನ್ನು ನೋಂದಣಿ ಪುಸ್ತಕದಲ್ಲಿ ಬರೆಸಲಿ, ಅದು ಯಾರು ಬೇಕಾದರೂ ನೋಡುವಂತಿರಲಿ. ನಿಯಮಗಳ ವಿಚಾರದಲ್ಲಿ ಹಡಗು ಕಂಪನಿಗಳ ಮಾತು ಕೇಳುವಷ್ಟೇ ಶ್ರದ್ಧೆಯಿಂದ ನಾವಿಕರ ಸಂಘಗಳನ್ನೂ ಮೀನುಗಾರರನ್ನೂ ಕೂರಿಸಿಕೊಂಡು ಕೇಳಲಿ. ಕರಾವಳಿಯ ಸಂಸದರೇ, ಈ ಪ್ರಶ್ನೆಯನ್ನು ಮುಂದಿನ ಅಧಿವೇಶನದಲ್ಲಿ ನೀವು ಎತ್ತಬೇಕು.