ಸಿಹಿ ಇರುವುದು ಅಣುವಿನಲ್ಲೋ, ನರಕೋಶದಲ್ಲೋ?

ಆತ್ಮೀಯ ಸಭಿಕರೇ,

ಸಕ್ಕರೆಯ ಅಣುವನ್ನು ಎಷ್ಟೇ ಸೂಕ್ಷ್ಮವಾಗಿ ಬಿಡಿಸಿ ನೋಡಿದರೂ ಅದರಲ್ಲಿ ಸಿಗುವುದು ಇಂಗಾಲ, ಜಲಜನಕ ಮತ್ತು ಆಮ್ಲಜನಕದ ಪರಮಾಣುಗಳೇ ಹೊರತು ಸಿಹಿಯಲ್ಲ. ಆ ಅಣು ಯಾವ ಕೋಶವನ್ನು ಎಚ್ಚರಿಸಿತು ಮತ್ತು ಆ ಕೋಶದ ಸಂದೇಶ ಎಲ್ಲಿಗೆ ಹೋಗಿ ಮುಟ್ಟಿತು ಎಂಬುದನ್ನು ಅವಲಂಬಿಸಿ ಸಿಹಿ ಹುಟ್ಟುತ್ತದೆ. ಇದು ಕೇವಲ ತತ್ತ್ವಚಿಂತನೆಯ ಮಾತಲ್ಲ, ಪ್ರಯೋಗಾಲಯದಲ್ಲಿ ಒರೆಗೆ ಹಚ್ಚಿ ನೋಡಿದ ಸಂಗತಿ.

ಸೀನೋರಾಬ್ಡೈಟಿಸ್ ಎಲೆಗನ್ಸ್ ಎಂಬ ದುಂಡುಹುಳು ಸುಮಾರು ಒಂದು ಮಿಲಿಮೀಟರ್ ಉದ್ದದ, ಪಾರದರ್ಶಕ ಮೈಯ ಜೀವಿ. ಅದರ ದ್ವಿಲಿಂಗಿ ಹುಳುವಿನಲ್ಲಿರುವುದು ಒಟ್ಟು 302 ನರಕೋಶಗಳು. ಕಣ್ಣಿಲ್ಲದ ಈ ಹುಳು ತನ್ನ ಆಹಾರವಾದ ಬ್ಯಾಕ್ಟೀರಿಯಾಗಳನ್ನು ಹುಡುಕಿಕೊಳ್ಳುವುದು ಮುಖ್ಯವಾಗಿ ವಾಸನೆಯಿಂದ. ಕೆಲವು ಬ್ಯಾಕ್ಟೀರಿಯಾಗಳು ಹೊರಬಿಡುವ ಡೈಅಸಿಟೈಲ್ ಎಂಬ ರಾಸಾಯನಿಕದತ್ತ ಅದು ತಡಮಾಡದೆ ಹರಿದುಹೋಗುತ್ತದೆ. ಎಡಬಲಕ್ಕೊಂದರಂತೆ ಇರುವ ಎಡಬ್ಲ್ಯುಎ ಎಂಬ ನರಕೋಶಗಳ ಮೇಲ್ಮೈಯಲ್ಲಿನ ಓಡಿಆರ್-10 ಎಂಬ ಗ್ರಾಹಕ ಪ್ರೋಟೀನು ಈ ರಾಸಾಯನಿಕವನ್ನು ಗುರುತಿಸುತ್ತದೆ. 1997ರಲ್ಲಿ ಕೋರಿ ಬಾರ್ಗ್‌ಮನ್ ಅವರ ತಂಡ ಈ ಗ್ರಾಹಕವಿಲ್ಲದ ಹುಳುಗಳನ್ನು ತೆಗೆದುಕೊಂಡು, ಅದನ್ನು ಬೇರೊಂದು ಜೋಡಿ ನರಕೋಶಗಳಲ್ಲಿ, ಅಂದರೆ ಹುಳು ಯಾವುದರಿಂದ ದೂರ ಸರಿಯಬೇಕೆಂಬುದನ್ನು ತಿಳಿಸುವ ಎಡಬ್ಲ್ಯುಬಿಗಳಲ್ಲಿ, ತಯಾರಾಗುವಂತೆ ಮಾಡಿತು. ಆ ಹುಳುಗಳು ಡೈಅಸಿಟೈಲ್‌ನಿಂದ ದೂರ ಓಡಿದವು. ಅಣುವೂ ಅದೇ, ಗ್ರಾಹಕವೂ ಅದೇ. ಬದಲಾದದ್ದು ಗ್ರಾಹಕ ನೆಲೆಸಿದ ನರಕೋಶ ಮಾತ್ರ. ಈ ಕ್ಷೇತ್ರದಲ್ಲಿ ಇಷ್ಟು ಸರಳವಾಗಿ ಇಷ್ಟು ದೊಡ್ಡ ಮಾತನ್ನು ಹೇಳಿದ ಇನ್ನೊಂದು ಪ್ರಯೋಗವನ್ನು ನಾನು ಕಾಣೆ.

ಗ್ರಾಹಕ ಮಾಡುವ ಕೆಲಸವನ್ನೂ ತುಸು ನೋಡೋಣ. ನಾವು ಉಸಿರೆಳೆದಾಗ ಗಾಳಿಯೊಡನೆ ಬಂದ ವಾಸನೆಯ ಅಣು ಮೂಗಿನ ಮೇಲ್ಭಾಗದ ಲೋಳೆಯಲ್ಲಿ ಕರಗಿ, ಅಲ್ಲಿ ಚಾಚಿಕೊಂಡಿರುವ ನರಕೋಶದ ಕೂದಲಿನಂಥ ಎಳೆಗಳನ್ನು ತಲುಪುತ್ತದೆ. ಎಳೆಯ ಪೊರೆಯನ್ನು ಏಳು ಬಾರಿ ಹಾದುಹೋಗುವ ಗ್ರಾಹಕಕ್ಕೆ ಅಣು ಅಂಟಿಕೊಂಡಾಗ ಕೋಶದೊಳಗೆ ಸೈಕ್ಲಿಕ್ ಎಎಂಪಿ ಎಂಬ ಸಂದೇಶವಾಹಕದ ಪ್ರಮಾಣ ಏರುತ್ತದೆ. ಅದರಿಂದ ಪೊರೆಯಲ್ಲಿನ ಅಯಾನು ಬಾಗಿಲುಗಳು ತೆರೆದು ಸೋಡಿಯಂ, ಕ್ಯಾಲ್ಸಿಯಂಗಳು ಒಳನುಗ್ಗುತ್ತವೆ. ರಾಸಾಯನಿಕ ಸಂಗತಿ ವಿದ್ಯುತ್ ಸಂಕೇತವಾಗುವುದು ಈ ಹಂತದಲ್ಲಿ. ಕೀಟಗಳಲ್ಲಿ ಇಷ್ಟು ಸುತ್ತುಬಳಸಿಲ್ಲ. ಅವುಗಳ ಹೆಚ್ಚಿನ ವಾಸನಾ ಗ್ರಾಹಕಗಳು ಓರ್ಕೋ ಎಂಬ ಜೊತೆಗಾರ ಪ್ರೋಟೀನಿನೊಡನೆ ಸೇರಿ ತಾವೇ ಅಯಾನು ಬಾಗಿಲಾಗುತ್ತವೆ.

ಸಸ್ತನಿಗಳ ಈ ಗ್ರಾಹಕಗಳ ವಂಶವಾಹಿಗಳನ್ನು 1991ರಲ್ಲಿ ಪತ್ತೆಹಚ್ಚಿದವರು ಲಿಂಡಾ ಬಕ್ ಮತ್ತು ರಿಚರ್ಡ್ ಆಕ್ಸೆಲ್. 2004ರ ನೊಬೆಲ್ ಪ್ರಶಸ್ತಿ ಅವರಿಗೆ ಸಂದಿತು. ಮನುಷ್ಯರಲ್ಲಿ ಕೆಲಸಮಾಡುವ ಇಂಥ ಗ್ರಾಹಕಗಳು ಸುಮಾರು 400, ಚಿಟ್ಟಿಲಿಯಲ್ಲಿ ಸಾವಿರಕ್ಕೂ ಹೆಚ್ಚು. ಸಾಮಾನ್ಯವಾಗಿ ಒಂದು ನರಕೋಶ ಒಂದೇ ಬಗೆಯ ಗ್ರಾಹಕವನ್ನು ಧರಿಸುತ್ತದೆ. ಆದರೆ ಒಂದು ವಾಸನೆ ಹಲವು ಗ್ರಾಹಕಗಳನ್ನು ತಟ್ಟುತ್ತದೆ. ಹಾಗಾಗಿ ಮಿದುಳು ಓದಬೇಕಾದದ್ದು ಬಿಡಿ ಅಕ್ಷರವನ್ನಲ್ಲ, ಅಕ್ಷರಗಳು ಕೂಡಿದ ಪದವನ್ನು. ಪ್ರಮಾಣ ಏರಿದರೆ ಇನ್ನಷ್ಟು ಗ್ರಾಹಕಗಳು ಎಚ್ಚರಗೊಂಡು ಪದವೇ ಬದಲಾಗಬಹುದು. ಇಂಡೋಲ್ ಎಂಬ ಸಂಯುಕ್ತ ಅತ್ಯಲ್ಪ ಪ್ರಮಾಣದಲ್ಲಿ ಹೂವಿನ ಪರಿಮಳವೆನಿಸುತ್ತದೆ, ಹೆಚ್ಚಾದರೆ ಮಲದ ನಾತವಾಗುತ್ತದೆ.

ರುಚಿಯ ವ್ಯವಸ್ಥೆಗೆ ಇಷ್ಟು ವೈವಿಧ್ಯ ಬೇಕಾಗಿಲ್ಲ, ಏಕೆಂದರೆ ಬಾಯಿಗೆ ಬಂದ ವಸ್ತುವಿನ ವಿಷಯದಲ್ಲಿ ಆಗಬೇಕಾದ ತೀರ್ಮಾನ ನುಂಗುವುದೋ ಉಗುಳುವುದೋ ಎಂಬುದಷ್ಟೇ. ಮನುಷ್ಯರಲ್ಲಿ ಕಹಿಯನ್ನು ಗುರುತಿಸುವ ಸುಮಾರು 25 ಬಗೆಯ ಗ್ರಾಹಕಗಳಿದ್ದರೂ ಅವುಗಳಲ್ಲಿ ಹಲವು ಒಂದೇ ಕೋಶದಲ್ಲಿ ಒಟ್ಟಿಗಿರುತ್ತವೆ. ವಿಷ ಯಾವುದೆಂದು ವಿಂಗಡಿಸುವುದಕ್ಕಿಂತ ಅದು ಒಳಗೆ ಹೋಗದಂತೆ ತಡೆಯುವುದು ಇಲ್ಲಿ ಮುಖ್ಯ. ಇನ್ನೊಂದು ಮಾತು: ನಮ್ಮ ನಾಲಿಗೆಯ ರುಚಿಕೋಶಗಳು ನರಕೋಶಗಳೇ ಅಲ್ಲ, ಅವು ಕೆಲವೇ ದಿನ ಅಥವಾ ವಾರಗಳಲ್ಲಿ ಸತ್ತು ಹೊಸದಾಗುವ ಹೊದಿಕೆಕೋಶಗಳು, ಪಕ್ಕದ ನರಗಳಿಗೆ ಸುದ್ದಿ ಮುಟ್ಟಿಸುತ್ತವೆ. ಚಾರ್ಲ್ಸ್ ಝುಕರ್ ಮತ್ತು ನಿಕೋಲಸ್ ರೀಬಾ ಅವರ ತಂಡಗಳು ಚಿಟ್ಟಿಲಿಯ ಸಿಹಿಕೋಶಗಳಲ್ಲಿ ಕಹಿಯ ಗ್ರಾಹಕವನ್ನು ಇರಿಸಿದಾಗ, ಆ ಇಲಿಗಳು ಕಹಿ ವಸ್ತುವನ್ನು ಬಯಸಿ ಬಯಸಿ ನೆಕ್ಕಿದವು. ಹುಳುವಿನಲ್ಲಿ ಕಂಡದ್ದೇ ಸಸ್ತನಿಯಲ್ಲೂ ಕಂಡಿತು.

ಹಣ್ಣುನೊಣವಾದರೋ ತನ್ನ ರುಚಿಯ ನರಕೋಶಗಳನ್ನು ಕಾಲುಗಳಲ್ಲೂ ಇಟ್ಟುಕೊಂಡಿದೆ. ಅದರ ಪಾದದ ಒಂದೊಂದು ರುಚಿಕೂದಲಿನ ತುದಿಯಲ್ಲೂ ಒಂದು ಸಣ್ಣ ರಂಧ್ರ. ಒಳಗಿರುವ ಬೆರಳೆಣಿಕೆಯ ನರಕೋಶಗಳಲ್ಲಿ ಒಂದಕ್ಕೆ ಸಕ್ಕರೆ, ಇನ್ನೊಂದಕ್ಕೆ ಕಹಿ, ಹೀಗೆ ಕೆಲಸ ಹಂಚಿಕೆಯಾಗಿರುತ್ತದೆ. ನೊಣವನ್ನು ಅಲುಗದಂತೆ ಹಿಡಿದು ಅದರ ಪಾದಕ್ಕೆ ಸಕ್ಕರೆ ನೀರಿನ ಹನಿ ಸೋಕಿಸಿದರೆ ಅದು ಮಡಚಿದ್ದ ಸೊಂಡಿಲನ್ನು ತಟ್ಟನೆ ಚಾಚುತ್ತದೆ; ಹನಿಯಲ್ಲಿ ಕಹಿ ಬೆರೆತಿದ್ದರೆ ಮಡಚಿಕೊಂಡೇ ಇರುತ್ತದೆ. ಒಂದು ಹನಿ, ಒಂದು ಚಲನೆ: ರಾಸಾಯನಿಕದಿಂದ ವರ್ತನೆಯವರೆಗಿನ ಹಾದಿಯನ್ನು ಅಳೆಯಲು ಇದಕ್ಕಿಂತ ಅಚ್ಚುಕಟ್ಟಾದ ಪರೀಕ್ಷೆ ಬೇಕಿಲ್ಲ.

ಈ ಹಾದಿ ಹುಟ್ಟಿನಿಂದಲೇ ಗಟ್ಟಿಯಾಗಿ ಹಾಕಿದ್ದೆಂದ ಮಾತ್ರಕ್ಕೆ ನೊಣ ಯಂತ್ರವೆಂದು ತಿಳಿಯುವುದು ಆತುರದ ಮಾತಾದೀತು. ಹೊಟ್ಟೆ ತುಂಬಿದ ನೊಣ ಕಡೆಗಣಿಸುವಷ್ಟು ತೆಳುವಾದ ಸಕ್ಕರೆ ನೀರಿಗೂ ಹಸಿದ ನೊಣ ಸೊಂಡಿಲು ಚಾಚುತ್ತದೆ. ಹಸಿವಿನಲ್ಲಿ ಡೋಪಮೀನ್ ಎಂಬ ನರಸಂದೇಶವಾಹಕ ರಾಸಾಯನಿಕ ಸಕ್ಕರೆಯ ನರಕೋಶದ ಸಂಕೇತವನ್ನು ಅದು ಹೊರಡುವಲ್ಲಿಯೇ ಬಲಪಡಿಸುತ್ತದೆ. ಅಂದರೆ ಹೊಂದಾಣಿಕೆ ಮಿದುಳಿನ ಆಳದಲ್ಲಿ ಆಗುವ ಮೊದಲೇ ಸಂವೇದನೆಯ ಹೊಸ್ತಿಲಲ್ಲಿ ಆಗುತ್ತದೆ. ಕಹಿಯ ಸಂವೇದನೆಯೂ ಹಸಿವಿನಲ್ಲಿ ತಗ್ಗುತ್ತದೆ, ಆದರೆ ಬೇರೊಂದು ರಾಸಾಯನಿಕ ಮಾರ್ಗದ ಮೂಲಕ ಮತ್ತು ಹಸಿವು ತೀವ್ರವಾದ ಮೇಲೆ. ಅಲ್ಪ ಹಸಿವಿಗೆ ಸಿಹಿಯನ್ನು ಹೆಚ್ಚು ಚುರುಕಾಗಿ ಹುಡುಕಿದರೆ ಸಾಕು. ವಿಷವಿರಬಹುದಾದದ್ದನ್ನೂ ತಿನ್ನುವ ಅಪಾಯಕ್ಕೆ ನೊಣ ಒಡ್ಡಿಕೊಳ್ಳುವುದು ಉಪವಾಸದಿಂದಲೇ ಸಾಯುವ ಹಂತ ಹತ್ತಿರವಾದಾಗ.