ಯಾವುದಕ್ಕೆ ಕೈ ಎತ್ತಿದಿರಿ?

ಎಲ್ಲರಿಗೂ ನಮಸ್ಕಾರ. ಅರ್ಧ ಗಂಟೆ ಮಾತಾಡಿ ಅಂದಿದ್ದಾರೆ ಅಧ್ಯಕ್ಷರು. ಮೈಕ್ ಸಿಕ್ಕ ಮೇಲೆ ಅರ್ಧ ಗಂಟೆಗೆ ಬಿಟ್ಟವರನ್ನು ನಾನಂತೂ ನೋಡಿಲ್ಲ. ಆದರೂ ಪ್ರಯತ್ನಪಡುತ್ತೇನೆ.

ಕಾರ್ಖಾನೆಯ ಕೆಲಸಗಾರ ತನ್ನ ಮಾಲೀಕನನ್ನು ಓಟು ಹಾಕಿ ಆರಿಸುವುದಿಲ್ಲ. ನಮ್ಮಂಥ ನಗರಸಭೆಯ ನೌಕರ ಆರಿಸುತ್ತಾನೆ. ಖಾಲಿ ಹುದ್ದೆ ತುಂಬಬೇಕೋ, ಕೆಲಸವನ್ನು ಗುತ್ತಿಗೆಗೆ ಕೊಡಬೇಕೋ ಅನ್ನುವ ಮಾತು ಬಂದಾಗ ಅಲ್ಲಿ ಕೂತು ಕೈ ಎತ್ತುವವರು ಗೆದ್ದು ಬಂದ ಸದಸ್ಯರು. ಇಂಥ ಚುನಾವಣೆಯಲ್ಲಿ ಎಷ್ಟೋ ಸಲ ಕೆಲವೇ ಓಟುಗಳಲ್ಲಿ ಸೋಲು ಗೆಲುವು ಆಗಿಬಿಡುತ್ತದೆ. ಆದರೂ ಮನೆ ಬಾಗಿಲಿಗೆ ಬಂದ ಅಭ್ಯರ್ಥಿಯನ್ನು ನಾವು ಕೇಳುವುದೇನು? "ನಮ್ಮ ಪರ ಇರ್ತೀರಾ?" ಇದಕ್ಕೆ ಇಲ್ಲ ಅನ್ನುವ ಅಭ್ಯರ್ಥಿ ಇನ್ನೂ ಹುಟ್ಟಬೇಕು. ಹೋದ ಸಲ ಯಾವುದಕ್ಕೆ ಕೈ ಎತ್ತಿದಿರಿ ಅಂತ ಕೇಳಿ ನೋಡಿ. ಅವರ ಮುಖದ ನಗು ಅಲ್ಲೇ ನಿಲ್ಲುತ್ತದೆ.

ಅಮೆರಿಕದ ಮೆಂಫಿಸ್ ಊರಿನ ಕಸದ ಕೆಲಸಗಾರರ ಮುಷ್ಕರದ ಕತೆ ನಿಮಗೆಲ್ಲ ಗೊತ್ತು. ಗೊತ್ತಿದ್ದರೂ ನಾನು ಬಿಡುವವನಲ್ಲ.

1968ರ ಫೆಬ್ರವರಿ 1. ಮಳೆ. ಎಕೋಲ್ ಕೋಲ್, ರಾಬರ್ಟ್ ವಾಕರ್ ಅನ್ನುವ ಇಬ್ಬರು ಕಸದ ಕೆಲಸಗಾರರು ನೆನೆಯಬಾರದು ಅಂತ ಲಾರಿಯ ಹಿಂಭಾಗದೊಳಗೆ ಸರಿದು ನಿಂತರು. ಕಸ ಒತ್ತುವ ಯಂತ್ರ ಕೆಟ್ಟು, ತಾನಾಗೇ ಚಾಲೂ ಆಯಿತು. ಇಬ್ಬರೂ ಅದರಲ್ಲೇ ಸಿಕ್ಕಿ ಸತ್ತರು. 12ನೇ ತಾರೀಕು ಸುಮಾರು 1300 ಮಂದಿ ಕೆಲಸ ನಿಲ್ಲಿಸಿದರು. ಮುಂದಿನದು ಎಲ್ಲರೂ ಹೇಳುವ ಭಾಗ: 'ನಾನೂ ಮನುಷ್ಯ' ಅನ್ನುವ ಫಲಕಗಳು, ಮಾರ್ಟಿನ್ ಲೂಥರ್ ಕಿಂಗ್ ಬಂದದ್ದು. ನನಗೆ ಮಾತ್ರ ಆ ಊರಿನ ಕೌನ್ಸಿಲ್, ಅಂದರೆ ಅಲ್ಲಿನ ನಗರಸಭೆ, ಅದರ ಸಭೆಯದೇ ಚಿಂತೆ.

ಮೇಯರ್ ಹೆನ್ರಿ ಲೋಬ್ ಅಧಿಕಾರಕ್ಕೆ ಬಂದು ಒಂದೂವರೆ ತಿಂಗಳಾಗಿತ್ತಷ್ಟೆ. ಆದರೆ ಹಳೇ ಹುಲಿ. ಹಿಂದೆ ಒಮ್ಮೆ ಮೇಯರ್ ಆಗಿದ್ದವರು, ಅದಕ್ಕೂ ಮೊದಲು ಇದೇ ಕಸದ ಇಲಾಖೆಯನ್ನು ನೋಡಿಕೊಂಡಿದ್ದವರು. ಅವರು ಕೆಲಸಗಾರರ ಸಂಘಕ್ಕೆ ಮಾನ್ಯತೆ ಕೊಡಲು ಒಪ್ಪುವುದಿಲ್ಲ ಅಂತ ಎಲ್ಲರಿಗೂ ಮೊದಲೇ ಗೊತ್ತಿತ್ತು. ಹಾಗಾಗಿ ಅವರನ್ನು ಬಿಡಿ. ಕೌನ್ಸಿಲ್‌ನಲ್ಲಿ 13 ಜನ ಸದಸ್ಯರಿದ್ದರಲ್ಲ, ಅವರು? ಫೆಬ್ರವರಿ 22ರಂದು ಅವರದೇ ಸಮಿತಿ ಸಂಘಕ್ಕೆ ಮಾನ್ಯತೆ ಕೊಡೋಣ ಅಂದಿತು. ಮರುದಿನ ಪೂರ್ಣ ಸಭೆ ಸೇರಿದಾಗ, ಅದೆಲ್ಲ ಮೇಯರ್‌ಗೆ ಬಿಟ್ಟದ್ದು ಅಂತ ಕೈ ತೊಳೆದುಕೊಂಡರು! ಆಮೇಲೆ ಮೆರವಣಿಗೆ ಹೊರಟವರ ಕಣ್ಣಿಗೆ ಪೊಲೀಸರು ಉರಿ ಔಷಧಿ ಹೊಡೆದರು. ಏಪ್ರಿಲ್ 4ರಂದು ಕಿಂಗ್ ಕೊಲೆಯಾಯಿತು. ಏಪ್ರಿಲ್ 16ಕ್ಕೆ ಒಪ್ಪಂದ ಆಯಿತು. ಸಂಘಕ್ಕೆ ಮಾನ್ಯತೆಯೂ ಸಿಕ್ಕಿತು. ಫೆಬ್ರವರಿಯಲ್ಲೇ ಕೊಟ್ಟಿದ್ದರೆ ಏನಾಗುತ್ತಿತ್ತು ಅಂತ ನಾನು ಈಗಲೂ ಲೆಕ್ಕ ಹಾಕುತ್ತಿರುತ್ತೇನೆ.

ನಾವೂ ಹಾಗೇ ಅಲ್ವಾ? ದೊಡ್ಡ ಕುರ್ಚಿಗೆ ಯಾರು ಅಂತ ತಲೆ ಕೆಡಿಸಿಕೊಳ್ಳುತ್ತೇವೆ. ನಮ್ಮ ವಾರ್ಡಿನ ಸದಸ್ಯರು ಹೋದ ಬಜೆಟ್ ಸಭೆಗೆ ಬಂದಿದ್ದರಾ ಅಂತ ಕೇಳಿದರೆ ಉತ್ತರವಿಲ್ಲ. ಸಭೆಯ ನಡಾವಳಿ ಪುಸ್ತಕ ತೆಗೆಸಿ ಓದಿ. ನಿದ್ದೆ ಬರುತ್ತದೆ, ಒಪ್ಪುತ್ತೇನೆ. ಆದರೆ ಯಾರು ಹಾಜರು, ಯಾರು ಗೈರು, ಯಾವುದಕ್ಕೆ ಒಪ್ಪಿದರು, ಎಲ್ಲಿ ವಿರೋಧ ಬರೆಸಿದರು, ಅಲ್ಲಿ ನೋಡಬಹುದು. ಕರಪತ್ರದಲ್ಲಿ ಇದ್ಯಾವುದೂ ಇರಲ್ಲ.

ಹೊಸಬರು ನಿಂತಿದ್ದರೆ? ಅವರಿನ್ನೂ ಕೈ ಎತ್ತಿಲ್ಲ. ಅವರಿಗೆ ದುಡ್ಡಿನ ಪ್ರಶ್ನೆ ಹಾಕಿ. ತೆರಿಗೆ ಇಳಿಸುತ್ತೇನೆ, ಸಂಬಳ ಏರಿಸುತ್ತೇನೆ, ರಸ್ತೆಯನ್ನೂ ಮಾಡಿಸುತ್ತೇನೆ ಅಂದರೆ, ಸ್ವಾಮಿ, ದುಡ್ಡು ಯಾವ ಬಾಬಿನಿಂದ ತರ್ತೀರಿ ಅನ್ನಿ. "ನಿಮ್ಮ ಮೂರು ಬೇಡಿಕೆಯಲ್ಲಿ ಒಂದು ಈ ವರ್ಷ ಆಗಲ್ಲ" ಅಂತ ಮುಖಕ್ಕೆ ಹೇಳಿದವರು ಸಿಕ್ಕರೆ ಅವರನ್ನು ಇನ್ನೊಂದು ಸಲ ಕರೆಸಿ ಕೂರಿಸಿ ಮಾತಾಡಿ. ಎಲ್ಲಕ್ಕೂ ಹೂಂ ಅಂದವರಿಗಿಂತ ಅವರೇ ವಾಸಿ.

ಯಾರೋ ಹಿಂದಿನಿಂದ ನಿಯಮ, ನಿಯಮ ಅಂತಿದ್ದೀರಿ, ನೌಕರರು ರಾಜಕೀಯದಲ್ಲಿ ಎಷ್ಟು ತೊಡಗಬಹುದು ಅನ್ನುವ ನಿಯಮ. ಸರಿಯೇ. ಪ್ರತಿ ದೇಶದಲ್ಲೂ ಒಂದೊಂದು ಥರ. ಅಮೆರಿಕದಲ್ಲಿ ಸರ್ಕಾರಿ ನೌಕರರ ರಾಜಕೀಯ ಚಟುವಟಿಕೆಗೆ ಮಿತಿ ಹಾಕುವ 1939ರ ಹ್ಯಾಚ್ ಕಾಯ್ದೆ ಇದೆ. ಭಾರತದ ಕೇಂದ್ರ ನೌಕರರಿಗೆ 1964ರ ನಡತೆ ನಿಯಮಗಳಿವೆ. ಅದರಲ್ಲಿ 5ನೇ ನಿಯಮದ ಪ್ರಕಾರ ಓಟು ಹಾಕಬಹುದು, ಪ್ರಚಾರ ಮಾಡುವ ಹಾಗಿಲ್ಲ, ಯಾರಿಗೆ ಹಾಕಿದೆ ಅಂತ ತೋರಿಸಿಕೊಳ್ಳುವ ಹಾಗೂ ಇಲ್ಲ. ನಿಮಗೆ ಅನ್ವಯಿಸುವ ನಿಯಮ ಯಾವುದು ಅಂತ ಮೊದಲು ಓದಿಕೊಳ್ಳಿ. ಕಚೇರಿ ಹೊತ್ತಿನಲ್ಲಿ, ಕಚೇರಿ ಕಂಪ್ಯೂಟರಿನಲ್ಲಿ ಇದೆಲ್ಲ ಬೇಡವೇ ಬೇಡ.

ಚೀಟಿ ಬಂತು. ಐದು ನಿಮಿಷ ಅಂತೆ. ಪಿಂಚಣಿ, ಗುತ್ತಿಗೆ ನೌಕರರು, ಎರಡನ್ನೂ ಬಿಡುತ್ತೇನೆ. ಗುತ್ತಿಗೆಯವರ ವಿಷಯಕ್ಕೆ ಒಂದು ಇಡೀ ಸಂಜೆ ಬೇಕು. ಅಭ್ಯರ್ಥಿಗಳಿಗೆ ಕೇಳುವ ಪ್ರಶ್ನೆಪಟ್ಟಿ ಮಾಡುವಾಗ ಗುಮಾಸ್ತರಷ್ಟೇ ಕೂರಬೇಡಿ. ಕಸದವರು, ನೀರು ಬಿಡುವವರು, ಗ್ರಂಥಾಲಯದವರು ಎಲ್ಲರೂ ಇರಲಿ. ಎಲ್ಲ ಅಭ್ಯರ್ಥಿಗಳಿಗೂ ಒಂದೇ ಪಟ್ಟಿ, ಉತ್ತರ ಬರಹದಲ್ಲೇ ಬರಲಿ. ನಿಯಮ ಬಿಡುವ ಕಡೆ ಉತ್ತರಗಳನ್ನು ಇದ್ದ ಹಾಗೇ ಅಚ್ಚು ಹಾಕಿಸಿ ಹಂಚಿ. ಉತ್ತರ ಕೊಡದವರ ಹೆಸರಿನ ಮುಂದೆ ಜಾಗ ಖಾಲಿ ಬಿಡಿ. ನೆನಪಿನ ಪತ್ರ ಒಂದು ಸಾಕು, ಎರಡನೆಯದು ಬರೆಯಬೇಡಿ.

ಆಯಿತು ಅಧ್ಯಕ್ಷರೇ, ಮುಗಿಸಿದೆ. ಪ್ರಶ್ನೆ ಇದ್ದವರು ಕೇಳಿ.